ಕುರಿ ಗೊರಸಿಗೆ ಹೋದ ಆಸ್ಪತ್ರೆ ಕತ್ತರಿ

ಸುಗ್ಗಿ ಬಂದರೆ ನಮ್ಮ ಹಟ್ಟಿಯಲ್ಲಿ ಟಾರ್ ರಸ್ತೆ ಸರ್ಕಾರದ್ದಲ್ಲ, ನಮ್ಮದು. ಮತ್ತೋಡಿನ ಕಡೆಯಿಂದ ಬರುವ ರಸ್ತೆಯ ಉದ್ದಕ್ಕೂ ರಾಗಿ ತೆನೆ ಹರವುತ್ತೇವೆ. ಲಾರಿ, ಬಸ್ಸು, ಟ್ರ್ಯಾಕ್ಟರ್ ಹಾದು ಹೋಗಿ ಒಕ್ಕಣೆ ಮಾಡಿಕೊಡುತ್ತವೆ. ಕಣ ಬಳಿಯುವ ಕಷ್ಟವಿಲ್ಲ, ಎತ್ತು ಹೂಡುವ ಕಷ್ಟವಿಲ್ಲ. ಬೈಕಿನವರು ಜಾರಿ ಬೀಳುತ್ತಾರೆ. ಅವರನ್ನು ಎತ್ತಿ ಕೂರಿಸಿ, "ನೋಡ್ಕಂಡು ಬರಬಾರ್ದೇನಪ್ಪ" ಎಂದು ಬೈದು ಕಳಿಸುತ್ತೇವೆ. ತಪ್ಪು ಯಾವತ್ತೂ ಬಿದ್ದವನದೇ.

ಹಿಂದಿನ ಸುಗ್ಗಿಯಲ್ಲಿ ಬಿದ್ದವರನ್ನು ಸಾಲಾಗಿ ನಿಲ್ಲಿಸಿದ್ದರೆ ಆ ಸಾಲು ಹೊಸದುರ್ಗದವರೆಗೆ ಹೋಗುತ್ತಿತ್ತು. ಆಗ ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರು ಸೇರಿ ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ ತಂದೆವು. ಅದನ್ನು ನನ್ನ ಮೈದುನ ತಿಪ್ಪೇರುದ್ರಪ್ಪನ ಮನೆಯಲ್ಲಿ ಬೀಗ ಹಾಕಿ ಇಟ್ಟೆವು, ಕೀಲಿ ಅವನ ಸೊಂಟದಲ್ಲಿ. ಅವನ ಮನೆ ರಸ್ತೆ ತಿರುವಿನಲ್ಲಿದೆ. ಬೀಳುವವರು ಹೆಚ್ಚುಕಡಿಮೆ ಅವನ ಜಗುಲಿಗೇ ಬಂದು ಬೀಳುತ್ತಾರೆ.

ಪೆಟ್ಟಿಗೆ ತಂದ ದಿನ ಉಪಕೇಂದ್ರದ ನರ್ಸ್ ದೇವಿಕಾ ಬಂದಳು. ಪಕ್ಕದ ಹಟ್ಟಿಯ ಸೊಸೆ, ಹಾಗಾಗಿ ನಮಗೆಲ್ಲ ಸಲುಗೆ. ಜಗುಲಿ ಮೇಲೆ ನಮ್ಮನ್ನು ಕೂರಿಸಿಕೊಂಡು ಹತ್ತಿ, ಪಟ್ಟಿ, ಕೈಗವಸು ತೋರಿಸಿದಳು. ಕೊನೆಗೆ ಒಂದು ಕತ್ತರಿ ಎತ್ತಿದಳು. ಕೊಕ್ಕರೆ ಕತ್ತು ತಿರುಗಿಸಿದ ಹಾಗೆ ಬಗ್ಗಿದ್ದ ಕತ್ತರಿ. ತುದಿ ಮೊಂಡು.

"ಇದೇನವ್ವ, ಸೊಟ್ಟಗೈತೆ. ಚೂಪೂ ಇಲ್ಲ. ಅಂಗಡಿಯೋನು ಮೋಸ ಮಾಡ್ಯಾನೆ ನಿಮಗೆ," ಎಂದ ತಿಪ್ಪೇರುದ್ರಪ್ಪ. ನನ್ನ ಮೈದುನ ಮಾತಿಗೆ ನಿಂತರೆ ಮಾರಿಕಣಿವೆ ಡ್ಯಾಮಿನ ನೀರು ಬತ್ತೀತು, ಅವನ ಬಾಯಿ ಬತ್ತುವುದಿಲ್ಲ.

"ಮೊಂಡಿರ್ಲಿ ಅಂತಾನೇ ಮಾಡಿರೋದು ಮಾವ," ಎಂದಳು ದೇವಿಕಾ. "ಬಿದ್ದೋರ ಬಟ್ಟೆ ಒಳಗೆ ಇದನ್ನ ತೂರಿಸ್ಬೇಕು. ಚೂಪಿದ್ರೆ ಮೈಗೆ ಚುಚ್ಚತೈತೆ. ಟೈಲರ್ ಕತ್ತರಿ, ಕುರಿ ಉಣ್ಣೆ ಕತ್ತರಿ ಇದಕ್ಕೆ ಆಗಲ್ಲ. ಟ್ರಾಮಾ ಕತ್ತರಿ ಅಂತ ಕೇಳಿದ್ರೆ ಮೆಡಿಕಲ್ ಸ್ಟೋರಿನಾಗೆ ಕೊಡ್ತಾರೆ."

"ಸೊಟ್ಟ ಯಾಕೈತೆ?" ಎಂದಳು ಅವನ ಹೆಂಡತಿ ನಿಂಗಕ್ಕ.

"ಕೈ ಮೇಲಿರತೈತೆ, ಅಲಗು ಮೈಗುಂಟ ಚಪ್ಪಟೆಯಾಗಿ ಹೋಗತೈತೆ. ಅದಕ್ಕೆ ಬಗ್ಗಿಸಿರೋದು. ಬೆರಳು ಹಾಕೋ ಬಳೆ ನೋಡ್ರಿ, ದೊಡ್ಡವು. ಕೈಗವಸು ಹಾಕ್ಕಂಡ್ರೂ ಹಿಡಿಸ್ತವೆ. ಅಲಗಿನಾಗೆ ಸಣ್ಣ ಹಲ್ಲು ಅವೆ, ಬಟ್ಟೆ ಜಾರಲ್ಲ. ತಗಳವಾಗ ಇಷ್ಟು ನೋಡಿ ತಗಳ್ರಿ. ಎರಡು ಅಲಗು ಸೇರೋ ಮೊಳೆ ಅಲ್ಲಾಡಬಾರ್ದು."

ಹಾಗೆನ್ನುತ್ತ ಹಳೆಯ ಜೀನ್ಸ್ ಪ್ಯಾಂಟಿನ ತುಂಡೊಂದನ್ನು ಎರಡು ಮಡಿಕೆ ಮಾಡಿ ಕತ್ತರಿಸಿದಳು. ಹಪ್ಪಳ ಮುರಿದಷ್ಟು ಸಲೀಸು.

ನಿಂಗಕ್ಕನ ಮುಖ ಹುಳಿಯಾಯಿತು. "ಜೀವ ಇರೋರ ಮೈ ಮೇಲಿನ ಬಟ್ಟೆ ಕತ್ತರಿಸ್ತಾರೇನವ್ವ? ಅದು ಹೆಣಕ್ಕೆ ಮಾಡೋದು. ಬಿಚ್ಚಿದ್ರೆ ಆಗಲ್ವಾ?"

"ಕಾಲು ಮುರಿದಿದ್ರೆ ಒಳಗಿನ ಮೂಳೆ ಚಾಕು ಇದ್ದಂಗೆ ಕಣತ್ತೆ. ಪ್ಯಾಂಟು ಹಿಡಿದು ಎಳೆದ್ರೆ ಅದು ಸರಿದು ರಕ್ತನಾಳ ಕುಯ್ಯತೈತೆ. ಎಳೀಲೇ ಬಾರ್ದು. ಮೊದಲು 108ಕ್ಕೆ ಫೋನು. ಆಮೇಲೆ ಕೆಳಗಿನ ಅಂಚಿನಿಂದ ಮೇಲಕ್ಕೆ ಕತ್ತರಿಸ್ತಾ ಬರ್ರಿ. ದಪ್ಪ ಹೊಲಿಗೆ ಮೇಲೆ ಬ್ಯಾಡ, ಅದರ ಪಕ್ಕದಾಗೆ. ಮೊಂಡು ತುದಿ ಮೈ ಕಡೆ ಇರ್ಲಿ. ಗಾಯ ಕಂಡ ಕೂಡ್ಲೇ ಶುದ್ಧ ಬಟ್ಟೆ ಮಡಚಿ ಒತ್ತಿ ಹಿಡೀರಿ. ನಿಂತೈತಾ ಅಂತ ಎತ್ತೆತ್ತಿ ನೋಡಬ್ಯಾಡ್ರಿ."

"ಕತ್ತರಿ ಕೈಗೆ ಸಿಗ್ಲಿಲ್ಲ ಅಂದ್ರೆ?" ಎಂದು ನಾನು ಕೇಳಿದೆ.

"ಕಾಯಬ್ಯಾಡ್ರಿ ದೊಡ್ಡತ್ತೆ. ರಕ್ತ ಎಲ್ಲಿಂದ ಬರ್ತೈತೋ ಅಲ್ಲಿ ಬಟ್ಟೆ ಮೇಲೇ ಒತ್ತಿ ಹಿಡೀರಿ."

ತಿಪ್ಪೇರುದ್ರಪ್ಪ ಕತ್ತರಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. "ಇದು ರೂಪಾಯಿ ನಾಣ್ಯನೂ ಕತ್ತರಿಸತೈತಂತೆ. ಫೋನಿನಾಗೆ ನೋಡೀನಿ."

"ಕತ್ತರಿಸತೈತೆ. ಆಮೇಲೆ ಬಟ್ಟೆ ಕತ್ತರಿಸಲ್ಲ. ಇದು ಮನುಷ್ಯರಿಗೆ ಮಾತ್ರ ಮಾವ, ಬೇರೆ ಯಾವುದಕ್ಕೂ ಮುಟ್ಟಬ್ಯಾಡ್ರಿ."

ದೇವಿಕಾಳ ಸ್ಕೂಟಿಯ ಧೂಳು ಇನ್ನೂ ನೆಲಕ್ಕೆ ಇಳಿದಿರಲಿಲ್ಲ, ನಾಣ್ಯ ಎರಡು ತುಂಡಾಗಿತ್ತು. ಹಟ್ಟಿಯ ಗಂಡಸರೆಲ್ಲ ನೋಡಲು ಬಂದರು. ಬಂದವರಿಗೆಲ್ಲ ಒಂದೊಂದು ನಾಣ್ಯ ಕತ್ತರಿಸಿ ತೋರಿಸಿದ. ಆಮೇಲೆ ಬೇಲಿಯ ತಂತಿ. ಆಮೇಲೆ ಹನಿ ನೀರಾವರಿ ಪೈಪು. ಮಳೆಗಾಲ ಬಂತು, ಕುರಿಗಳ ಗೊರಸು ಬೆಳೆದು ಕೊಳೆಯತೊಡಗಿದವು. ಗೊರಸು ಕತ್ತರಿಸಲು ಗಟ್ಟಿ ಕತ್ತರಿ ಬೇಕಲ್ಲ. ನನ್ನ ಮೈದುನ ಜಗುಲಿ ಮೇಲೆ ಕೂತು, ಆ ಕತ್ತರಿ ಹಿಡಿದು, ತನ್ನ ಕುರಿ, ನೆಂಟರ ಕುರಿ, ನೆಂಟರ ನೆಂಟರ ಕುರಿ, ಹೊಳಲ್ಕೆರೆ ತಾಲೂಕಿನ ಕುರಿಗಳೂ ಸುದ್ದಿ ಕೇಳಿ ನಡೆದು ಬಂದವೇನೋ ಎನ್ನುವ ಹಾಗೆ ಗೊರಸು ಕತ್ತರಿಸಿದ.

"ಏನಪ್ಪ, ಕುರಿಗೆ ಪ್ರಥಮ ಚಿಕಿತ್ಸೆನಾ?" ಎಂದೆ.

"ಪೆಟ್ಟಿಗ್ಯಾಗೆ ಸುಮ್ನೆ ಕುಂತು ತುಕ್ಕು ಹಿಡಿಯೋ ಬದ್ಲು ಕೆಲಸಕ್ಕೆ ಬರ್ಲಿ ಅತ್ತಿಗೆ. ಕುರಿಗೂ ಜೀವ ಐತೆ."

"ತೊಳೆದಾದ್ರೂ ಇಡು."

ಪಂಚೆಗೆ ಒರೆಸಿ ಪೆಟ್ಟಿಗೆಯೊಳಗೆ ಹಾಕಿದ. ಬಿಳಿ ಹತ್ತಿಯ ಪಕ್ಕದಲ್ಲಿ.

ಅವನ ಮಗ ಶಿವರಾಜ್ ಅಲ್ಲೇ ಕುರಿ ಹಿಡಿದುಕೊಂಡಿದ್ದ. ಮಂದೆ ಕಾಯುವವನು ಅವನೇ. ಅವನು ಗುಡ್ಡ ಹತ್ತಿದರೆ ನಾಯಿ ಏದುಸಿರು ಬಿಡುತ್ತ ಹಿಂದೆ ಬರಬೇಕು, ಅಂಥ ಕಾಲು. "ಅಪ್ಪ, ಗೊರಸಿಗೆ ಬೇರೆ ಕತ್ತರಿ ತಗಳಾಣ. ಯಾರಾದ್ರೂ ಬಿದ್ರೆ ಇದು ಬೇಕಾಗತೈತೆ," ಎಂದ.

"ಬೀಳೋರು ಪರ ಊರೋರು ಕಣಲೇ. ದಿನಾ ಓಡಾಡೋ ನಾವು ಬೀಳ್ತೀವಾ?"

ಮತ್ತೆ ಸುಗ್ಗಿ ಬಂತು. ಶಿವರಾಜ್ ಹೊಸದುರ್ಗದಿಂದ ಕುರಿ ಔಷಧಿ ತಗೊಂಡು ಬೈಕಿನಲ್ಲಿ ಬರುತ್ತಿದ್ದ. ತಿರುವಿನಲ್ಲಿ ಹರವಿದ್ದ ರಾಗಿ ಅವರದೇ. ಬೆಳಿಗ್ಗೆ ಅವನೇ ಹರವಿದ್ದ. ಎದುರಿಗೆ ಬಂದ ಟೆಂಪೋಗೆ ದಾರಿ ಕೊಡಲು ಬ್ರೇಕ್ ಹಿಡಿದ, ಬೈಕು ಜಾರಿತು. ನಾನು ನೋಡುವಷ್ಟರಲ್ಲಿ ಬೈಕು ಅವನ ಬಲಗಾಲ ಮೇಲಿತ್ತು.

ಬೈಕು ಎತ್ತಿದರು. ಮಂಡಿಯ ಕೆಳಗೆ ಕಾಲು ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ಬಿಗಿ ಜೀನ್ಸ್ ಪ್ಯಾಂಟು ಮಂಡಿಯ ಹತ್ತಿರ ಒದ್ದೆಯಾಗಿ ಕಪ್ಪಾಗಿತ್ತು. ರಕ್ತ ಮುಂದಿನಿಂದ ಬರುತ್ತಿದೆಯೋ ಹಿಂದಿನಿಂದಲೋ ತಿಳಿಯಲಿಲ್ಲ. 108ಕ್ಕೆ ಫೋನು ಹೋಯಿತು, ದೇವಿಕಾಳಿಗೂ ಹೋಯಿತು.

"ಪೆಟ್ಟಿಗೆ ತಗಂಬರ್ರಿ," ಎಂದೆ.

ಪೆಟ್ಟಿಗೆ ಬಂತು. ತಿಪ್ಪೇರುದ್ರಪ್ಪ ಕತ್ತರಿ ತೆಗೆದ. ಗೊರಸಿನ ಕೊಳೆ ಅಲಗು ಸೇರುವ ಮೊಳೆಯ ಸಂದಿಯಲ್ಲಿ ಒಣಗಿ ಕಲ್ಲಾಗಿತ್ತು. ಎರಡು ಕೈಯಿಂದ ಹಿಡಿದು ಬಿಡಿಸಿದ. ಪ್ಯಾಂಟಿನ ಅಂಚಿಗೆ ಇಟ್ಟು ಒತ್ತಿದ. ಬಟ್ಟೆ ಅಲಗಿನ ನಡುವೆ ಮಡಚಿಕೊಂಡು ಕೂತಿತು, ಕತ್ತರಿಸಲಿಲ್ಲ. ಮತ್ತೆ ಒತ್ತಿದ. ಮತ್ತೆ ಮಡಚಿತು.

"ಏನಾಯ್ತಪ್ಪ?" ಎಂದ ಶಿವರಾಜ್. ಪ್ರಜ್ಞೆ ಇತ್ತು ಅವನಿಗೆ.

"ಏನಿಲ್ಲ ಮಗ, ತಡಿ."

ಯಾರೋ ಕುರಿ ಉಣ್ಣೆ ಕತ್ತರಿ ತಂದರು. ಅದರ ತುದಿ ಚೂಪು. ಒಳಗೆ ತೂರಿಸಿದ ಕೂಡಲೇ ನೋವಿಗೆ ಕಾಲು ಅಲ್ಲಾಡಿತು, ಮೀನಖಂಡಕ್ಕೆ ಚುಚ್ಚಿತು.

"ಬಿಡ್ರಿ ಕತ್ತರೀನ," ಎಂದೆ ನಾನು. "ಬಟ್ಟೆ ಮೇಲೇ ಒತ್ತು ಅಂದಿದ್ಲಲ್ಲ ದೇವಿಕಾ. ಒತ್ತಿ ಹಿಡೀರಿ."

"ಎಲ್ಲಿ ಒತ್ತಲಿ ಅತ್ತಿಗೆ? ಎಲ್ಲಿಂದ ಬರ್ತೈತೋ ಕಾಣಬ್ಯಾಡ್ವಾ?"

"ಬಿಚ್ಚಿಬಿಡ್ರಿ ಅತ್ಲಾಗೆ," ಎಂದು ನಿಂಗಕ್ಕ ಅಳುತ್ತಿದ್ದಳು. "ಬಿಚ್ಚಿ ನೋಡ್ರಿ."

ಎಳೆಯಬೇಡ ಎಂದು ನಾನು ಹೇಳಿದೆ. ಹತ್ತು ಜನ ಹತ್ತು ಮಾತು ಹೇಳುತ್ತಿದ್ದರು, ನನ್ನದು ಹನ್ನೊಂದನೆಯದು. ತಿಪ್ಪೇರುದ್ರಪ್ಪ ಮಗನ ಸೊಂಟದ ಗುಂಡಿ ಬಿಚ್ಚಿ, ಪ್ಯಾಂಟಿನ ಕೆಳಗಿನ ಅಂಚು ಹಿಡಿದು ಎಳೆದ. ಶಿವರಾಜ್ ಕೂಗಿದ ಕೂಗಿಗೆ ಗುಡ್ಡದ ಮೇಲಿನ ಮಂದೆ ಬೆದರಿತು ಎಂದು ಬೇಕಾದರೆ ನಾನು ಕಥೆ ಕಟ್ಟಿ ಹೇಳಬಹುದು. ಅವನು ಕೂಗಲೇ ಇಲ್ಲ. ಬಾಯಿ ತೆರೆದ, ದನಿ ಬರಲಿಲ್ಲ. ಪ್ಯಾಂಟು ಅರ್ಧಕ್ಕೆ ಸಿಕ್ಕಿಕೊಂಡಿತು. ರಕ್ತ ಮಾತ್ರ ಬೇಗ ಬೇಗ ಬರತೊಡಗಿತು.

ದೇವಿಕಾ ಬಂದವಳೇ ತನ್ನ ಚೀಲದ ಕತ್ತರಿ ತೆಗೆದಳು. ಅಂಚಿನಿಂದ ಮಂಡಿಯ ಮೇಲಿನವರೆಗೆ ಕತ್ತರಿಸಿಕೊಂಡು ಹೋದಳು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಆಗಲಿಲ್ಲ. ಗಾಯ ಮಂಡಿಯ ಹಿಂದೆ ಇತ್ತು. ಬಟ್ಟೆ ಮಡಚಿ ಒತ್ತಿ ಹಿಡಿದವಳು ಆಂಬುಲೆನ್ಸ್ ಬರುವವರೆಗೂ ಕೈ ತೆಗೆಯಲಿಲ್ಲ. ಯಾರನ್ನೂ ಬೈಯಲೂ ಇಲ್ಲ. ಆಂಬುಲೆನ್ಸ್ ನಮ್ಮ ರಾಗಿ ತುಳಿದುಕೊಂಡೇ ಹೋಯಿತು.

ದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಕಾಲನ್ನು ಮಂಡಿಯ ಮೇಲೆ ತೆಗೆದರು.

"ಬಿದ್ದಾಗಲೇ ನಾಳ ಹರಿದಿತ್ತೋ, ಎಳೆದಾಗ ಹರೀತೋ, ಈಗ ಹೇಳೋದಕ್ಕಾಗಲ್ಲ," ಎಂದರು ಡಾಕ್ಟರು. "ಆದ್ರೆ ಎಳೀಬಾರದಿತ್ತು."

ಮನೆಗೆ ಬಂದ ಮೇಲೆ ಬಾಯಿ ಬತ್ತದ ನನ್ನ ಮೈದುನ ಮಾತು ಬಿಟ್ಟ. ಗಾಯದ ಪಟ್ಟಿ ಬದಲಿಸಲು ದೇವಿಕಾ ಬಂದಾಗ ಮಾತ್ರ ಒಂದು ಸಲ ಕೇಳಿದ.

"ಆ ಕತ್ತರಿ ನೆಟ್ಟಗಿದ್ದಿದ್ರೆ ಕಾಲು ಉಳೀತಿತ್ತೇನವ್ವ?"

"ಗೊತ್ತಿಲ್ಲ ಮಾವ."

"ಹೂಂ ಅಂತಾದ್ರೂ ಹೇಳು, ಇಲ್ಲ ಅಂತಾದ್ರೂ ಹೇಳು."

"ಗೊತ್ತಿಲ್ದೇ ಇದ್ದದ್ದನ್ನ ಏನಂತ ಹೇಳ್ಲಿ? ಉಳಿಯೋ ದಾರಿ ಒಂದಿತ್ತು. ಅದಿರ್ಲಿಲ್ಲ ಅನ್ನಕ್ಕೆ ಆಗಲ್ಲ."

ಅವನು ಎದ್ದು ಹೊರಗೆ ಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ.

ಮುಂದಿನ ವಾರ ಅವನೇ ಹೊಸದುರ್ಗಕ್ಕೆ ಹೋಗಿ ಹೊಸ ಕತ್ತರಿ ತಂದ. ಮೆಡಿಕಲ್ ಸ್ಟೋರಿನವನು ಮೊದಲು ಚೂಪು ತುದಿಯದು ಕೊಟ್ಟನಂತೆ. "ಬ್ಯಾಡ, ಮೊಂಡು ತುದಿ, ಬಗ್ಗಿರೋದು ಕೊಡು," ಎಂದು ನಿಂತನಂತೆ. ಅಲ್ಲೇ ದಪ್ಪ ಬಟ್ಟೆ ಮಡಚಿ ಕತ್ತರಿಸಿ ನೋಡಿ ತಗೊಂಡನಂತೆ. ನಿಂಗಕ್ಕ ಬೀಗ ತೆಗೆಸಿ, ಪೆಟ್ಟಿಗೆಯನ್ನು ಹೊರಗಿನ ಗೋಡೆಗೆ, ಎಲ್ಲರ ಕೈಗೆ ಎಟುಕುವ ಹಾಗೆ ತೂಗು ಹಾಕಿಸಿದಳು.

ಸಂಘದ ಸಭೆ ಸೇರಿತು. ದೇವಿಕಾ ಮತ್ತೆ ಬಂದಳು. ಈ ಸಲ ಎಲ್ಲರೂ ಕತ್ತರಿಸಿ ಕಲಿಯಬೇಕು ಎಂದಳು. ಕತ್ತರಿಸಲು ಹಳೆಯ ಪ್ಯಾಂಟು ಹುಡುಕುತ್ತಿದ್ದೆವು. ಶಿವರಾಜ್ ಜಗುಲಿಯ ತುದಿಯಲ್ಲಿ ಕೂತಿದ್ದ. ಜೀನ್ಸ್ ಹಾಕಿದ್ದ. ಬಲಗಡೆಯದು ಅರ್ಧ ತೊಡೆಯಿಂದ ಕೆಳಗೆ ಖಾಲಿಯಾಗಿ ಜೋತುಬಿದ್ದಿತ್ತು.

"ಇದನ್ನ ಕತ್ತರಿಸ್ರಿ. ನನಗೇನು ಬೇಕಾಗಿಲ್ಲ," ಎಂದ.

ಯಾರೂ ಮುಂದೆ ಹೋಗಲಿಲ್ಲ.

"ಯಾಕೆ ದೊಡ್ಡವ್ವ, ಕುರಿ ಗೊರಸಾದ್ರೆ ಮಾತ್ರ ಕತ್ತರಿಸೋದಾ ನಮ್ಮನೇಲಿ?" ಎಂದು ನನ್ನನ್ನು ನೋಡಿದ. ಕೇಳಿದ್ದು ನನ್ನನ್ನಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ತಿಪ್ಪೇರುದ್ರಪ್ಪ ಎದ್ದ. ಮಗನ ಮುಂದೆ ನೆಲಕ್ಕೆ ಕೂತ. ನಿಂಗಕ್ಕ ಖಾಲಿ ಪ್ಯಾಂಟಿನ ಅಂಚು ಹಿಡಿದುಕೊಂಡಳು. ಅವನು ಮೊಂಡು ತುದಿಯನ್ನು ಒಳಗೆ ತೂರಿಸಿ, ಹೊಲಿಗೆಯ ಪಕ್ಕದಲ್ಲಿ, ಕೆಳಗಿನಿಂದ ಮೇಲಕ್ಕೆ ಕತ್ತರಿಸುತ್ತ ಬಂದ. ಒಂದು ಸಲವೂ ನಿಲ್ಲಲಿಲ್ಲ. ದೇವಿಕಾ ತಿದ್ದುವುದಕ್ಕೆ ಏನೂ ಇರಲಿಲ್ಲ.

"ಅಲ್ಲೇ ನಿಲ್ಸಪ್ಪ," ಎಂದ ಶಿವರಾಜ್. "ಅಲ್ಲಿಂದ ಮೇಲೆ ನಾನಿದೀನಿ."

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ನಿಮ್ಮ ಊರಿನ ಪೆಟ್ಟಿಗೆ ಎಲ್ಲಿದೆ? ಅದರ ಕೀಲಿ ಯಾರ ಸೊಂಟದಲ್ಲಿದೆ? ಈಗಲೇ ಹೋಗಿ ತೆಗೆಸಿ. ಕತ್ತರಿಯ ತುದಿ ಮೊಂಡಾಗಿದೆಯೇ, ಹಿಡಿ ಬಗ್ಗಿದೆಯೇ ನೋಡಿ. ದಪ್ಪ ಬಟ್ಟೆ ಎರಡು ಮಡಿಕೆ ಮಾಡಿ ಕತ್ತರಿಸಿ. ಬಟ್ಟೆ ಮಡಚಿಕೊಂಡರೆ ಆ ಕತ್ತರಿಯನ್ನು ಇವತ್ತೇ ಬದಲಾಯಿಸಿ. ಒಬ್ಬರ ಗಾಯಕ್ಕೆ ಬಳಸಿದ ಮೇಲೆ ಸೋಪು ನೀರಿನಲ್ಲಿ ತೊಳೆದು, ಒರೆಸಿ, ಸ್ಪಿರಿಟ್ ಹಚ್ಚಿ, ಒಣಗಿಸಿ ಅದೇ ಜಾಗಕ್ಕೆ ಇಡಿ. ನೀವೊಬ್ಬರೇ ಕಲಿತರೆ ಸಾಲದು, ಮನೆಯವರಿಗೂ ಕಲಿಸಿ. ಬಿದ್ದವರ ಬಟ್ಟೆ ಎಳೆಯಬೇಡಿ, ಕತ್ತರಿಸಿ.

ಯಾರಾದರೂ ಅದನ್ನು ಗೊರಸಿಗೆ, ತಂತಿಗೆ ಕೇಳಿಕೊಂಡು ಬಂದರೆ ಕೊಡಬೇಡಿ. ಹತ್ತಿರದ ನೆಂಟರಾದರೂ ಕೊಡಬೇಡಿ. ಸಿಟ್ಟು ಮಾಡಿಕೊಂಡು ಹೋಗಲಿ. ಎರಡು ಕಾಲಲ್ಲಿ ನಡೆದುಕೊಂಡು ಹೋಗುತ್ತಾರಲ್ಲ, ಹೋಗಲಿ ಬಿಡಿ.