ಗಾಳದ ಪಾಲು

ಪ್ರತಿ ಶನಿವಾರ ಬೆಳಿಗ್ಗೆ ಅಗಾತಾಳ ಮನೆಯ ಬಾಗಿಲಿಗೆ ಮೀನು ಬರುತ್ತಿತ್ತು. ತಂದವರು ಯಾರೆಂದು ಅವಳು ಕಂಡವಳಲ್ಲ. ಗಲ್ಫಿನ ಆಸ್ಪತ್ರೆಯೊಂದರ ರಾತ್ರಿ ಪಾಳಿ ಮುಗಿಸಿ, ಡಿಸ್ಕವರಿ ಗಾರ್ಡನ್ಸ್‌ನ ಮೂರನೇ ಮಹಡಿಯ ಫ್ಲಾಟಿಗೆ ಬರುವಷ್ಟರಲ್ಲಿ ಬಾಗಿಲ ಹಿಡಿಗೆ ಒಂದು ಪ್ಲಾಸ್ಟಿಕ್ ಚೀಲ ನೇತಾಡುತ್ತಿರುತ್ತಿತ್ತು. ಒಳಗೆ ಅಲ್ಲಿನ ಕಡಲಿನ ಒಂದೋ ಎರಡೋ ಶೇರಿ ಮೀನು. ಕಿವಿರಿನಿಂದ ಬಾಯಿಗೆ ಗಾಳದ ದಾರ ಪೋಣಿಸಿ ಗಂಟು ಹಾಕಿದ್ದು. ಹಾಗೆ ಪೋಣಿಸಿ ಮನೆಗೆ ಮೀನು ತರುತ್ತಿದ್ದವನು ಅವಳ ಗಂಡ ಡಿಕ್ಸನ್. ಜೆಬೆಲ್ ಅಲಿ ಕಡೆಯ ಕಲ್ಲುದಿಬ್ಬದ ಮೇಲೆ ಗಾಳ ಹಾಕಲು ಹೋದವನು ಅಲೆಗೆ ಸಿಕ್ಕಿ ಕಾಣೆಯಾಗಿ ವರ್ಷವಾಗುತ್ತ ಬಂದಿತ್ತು. ಹುಡುಕುವವರು ಹುಡುಕಿ ಕೈಬಿಟ್ಟಿದ್ದರು.

ಇಂಥದ್ದು ನಡೆದರೆ ಯಾರಾದರೂ ಮೊದಲು ಮಾಡುವ ಕೆಲಸವೇನು? ಕೆಳಗಿನ ವಾಚ್‌ಮನ್‌ನನ್ನು ಹಿಡಿದು ಕೇಳುವುದು. ಅಗಾತಾ ಕೇಳಲಿಲ್ಲ. ದಡ್ಡತನ ಅನ್ನುವವರು ಅನ್ನಲಿ, ಅವಳಿಗಿದ್ದದ್ದು ಬೇರೆಯೇ ಭಯ. ಕೇಳಿದರೆ ಅವನು ಉತ್ತರ ಹೇಳಿಬಿಟ್ಟಾನು.

ಮೊದಲ ಸಲ ಚೀಲದಿಂದ ತೊಟ್ಟಿಕ್ಕಿದ ನೀರಿನ ಗುರುತು ಕಾರಿಡಾರಿನುದ್ದಕ್ಕೂ ಹೋಗಿತ್ತು. ಅದನ್ನೇ ಹಿಡಿದು ಅವಳು ಲಿಫ್ಟಿನ ತನಕ ನಡೆದಳು. ಗುಂಡಿ ಒತ್ತಲು ಕೈ ಬರಲಿಲ್ಲ. ವಾಪಸು ಬಂದು, ಯೂನಿಫಾರ್ಮ್ ಕೂಡ ಬದಲಿಸದೆ ಮೀನು ಕೊಯ್ದು, ಮೆಣಸು ಕೊತ್ತಂಬರಿ ಹುರಿದು ಅರೆದು ಸಾರು ಮಾಡಿದಳು. ಎರಡು ತಟ್ಟೆ ಇಟ್ಟಳು. ಆಚೆ ಬದಿಯ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆಳೆದಳು, ಕೂರುವವರಿಗೆ ಜಾಗವಾಗಲಿ ಎಂದು. ಸಂಜೆ ಆ ತಟ್ಟೆಯ ಅನ್ನವನ್ನೂ ತಾನೇ ಉಂಡಳು. ಅಂದಿನಿಂದ ಶನಿವಾರವೆಂದರೆ ಅವಳಿಗೆ ಹಾಗೆಯೇ. ಎಲ್ಲಾದರೂ ಒಂದು ವಾರ ಚೀಲ ಬಾರದಿದ್ದರೆ ಆ ವಾರವಿಡೀ ಯಾರ ಜೊತೆಯೂ ನೆಟ್ಟಗೆ ಮಾತಾಡುತ್ತಿರಲಿಲ್ಲ.

ಊರಿನಲ್ಲಿ ಅತ್ತೆ ಜೋಸ್ಫಿನ್‌ಬಾಯಿಗೆ ಇದೊಂದೂ ಗೊತ್ತಿಲ್ಲ. ಆಕೆಗೆ ಗೊತ್ತಿದ್ದುದು ಒಂದೇ. ಮಗ ಹೋದ, ಮಣ್ಣು ಕೊಡಲು ದೇಹ ಸಿಗಲಿಲ್ಲ.

"ಪುತಾ, ಪಾದ್ರಿಗಳ ಹತ್ರ ಮಾತಾಡಿದ್ದೇನೆ," ಎಂದು ಒಂದು ದಿನ ಫೋನಿನಲ್ಲಿ ಸೊಸೆಗೆ ಹೇಳಿದರು. "ದೇಹ ಇಲ್ಲದಿದ್ರೆ ಅವನು ಮುಟ್ಟಿದ ಸಾಮಾನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಿ ಹೂಳುವ ಅಂದ್ರು. ಅವನ ಗಾಳ ತಾ. ಅದನ್ನು ಬಿಟ್ಟು ಅವನು ಬೇರೆ ಏನನ್ನು ಮುಟ್ಟಿದ್ದಾನೆ ಹೇಳು."

"ಇನ್ನೂ ಸ್ವಲ್ಪ ನೋಡುವ ಮಾಂಯ್."

"ಏನು ನೋಡುವುದು? ವರ್ಷ ಆಯ್ತು. ನನಗೆ ಒಂದು ಶಿಲುಬೆ ಬೇಡ್ವಾ, ಎದುರು ಕೂತು ಅಳ್ಲಿಕ್ಕೆ?"

ಹೂಳಿಬಿಟ್ಟರೆ ಡಿಕ್ಸನ್ ಎಲ್ಲಿಗೆ ಬರಬೇಕು ಎಂದು ಮುದುಕಿಯ ಹತ್ತಿರ ಕೇಳುವುದು ಹೇಗೆ? ಒಲ್ಲದ ಮನಸ್ಸಿನಿಂದ ಅಗಾತಾ ಟಿಕೆಟ್ ಮಾಡಿಸಿದಳು.

ಗಾಳದ ಕೋಲುಗಳು ಇದ್ದದ್ದು ಯುಜಿನ್ ಹತ್ತಿರ. ಯುಜಿನ್ ಡಿಕ್ಸನ್‌ನ ಊರಿನವನೇ, ರಾಸ್ ಅಲ್ ಖೋರ್‌ನಲ್ಲಿ ಗ್ಯಾರೇಜ್ ಕೆಲಸ, ಗಾಳದ ಹುಚ್ಚಿನಲ್ಲಿ ಇಬ್ಬರೂ ಜೋಡಿ. ಪೊಲೀಸರು ಸಾಮಾನು ಹಿಂದಿರುಗಿಸಿದ ದಿನ ಅದನ್ನು ಮನೆಯಲ್ಲಿಟ್ಟುಕೊಳ್ಳಲು ಧೈರ್ಯ ಸಾಲದೆ ಅಗಾತಾ ಅವನಿಗೆ ಕೊಟ್ಟಿದ್ದಳು. ಅವಳಲ್ಲಿ ಉಳಿದದ್ದು ಮಂಚದಡಿಯ ಒಂದೇ ಸಾಧನ. ನೀರಿನೊಳಗೆ ಮುಳುಗಿ ಮೀನಿಗೆ ಈಟಿ ಹೊಡೆಯುವ ಸ್ಪಿಯರ್ ಗನ್. ಫುಜೈರಾದಲ್ಲಿ ಡೈವಿಂಗ್ ಮಾಡುತ್ತೇನೆಂದು ಜಂಬ ಕೊಚ್ಚಿ ಡಿಕ್ಸನ್ ಕೊಂಡದ್ದು, ಎರಡು ಸಲ ಬಳಸಿ ಅಲ್ಲಿ ತಳ್ಳಿದ್ದು.

ಹೊರಡುವ ದಿನ ಶನಿವಾರ. ಬೆಳಿಗ್ಗೆ ಪಾಳಿಯಿಂದ ಬಂದರೆ ಬಾಗಿಲಲ್ಲಿ ಚೀಲ. ಹೋಗಬೇಡ ಎನ್ನುತ್ತಿದ್ದಾನೆ ಡಿಕ್ಸನ್, ಇನ್ನೇನು. ಯುಜಿನ್ ಪಿವಿಸಿ ಪೈಪಿನಲ್ಲಿ ಕೋಲುಗಳನ್ನು ತುಂಬಿ, ಎರಡು ಕಡೆ ಮುಚ್ಚಳ ಹಾಕಿ ತಂದಿಟ್ಟು ಕಾರು ತಿರುಗಿಸಲು ಹೋದ ಹೊತ್ತಿಗೆ, ಅವಳು ಮಂಚದಡಿಯಿಂದ ಆ ಗನ್ನು ಎಳೆದು, ಒಳಗೆ ನೋಡದೆಯೇ ಪೈಪಿಗೆ ತುರುಕಿದಳು. ಗನ್ನು ಕಂಡರೆ ಏರ್‌ಪೋರ್ಟಿನಲ್ಲಿ ಯಾರು ಬಿಡುತ್ತಾರೆ? ಎಲ್ಲವನ್ನೂ ತಡೆದು ಇಲ್ಲೇ ಇಡುತ್ತಾರೆ. ಮಾಂಯ್‌ಗೆ ಹೇಳಿದರಾಯಿತು, ನಾನು ತಂದೆ, ಅವರು ಬಿಡಲಿಲ್ಲ ಎಂದು.

ಅವಳ ಲೆಕ್ಕ ಅರ್ಧ ಸರಿಯಾಗಿಯೇ ಇತ್ತು. ಏರ್‌ಪೋರ್ಟಿನ ಉದ್ದದ ಸಾಮಾನಿನ ಕೌಂಟರಿನಲ್ಲಿ ಪೈಪು ಸ್ಕ್ಯಾನಿನೊಳಗೆ ಹೋದದ್ದೇ ತಡ, ಒಬ್ಬ ಪೊಲೀಸ್ ಬಂದು ಪಕ್ಕದಲ್ಲಿ ನಿಂತ. ಕೌಂಟರಿನ ಹುಡುಗಿ ಅಗಾತಾಳ ಪಾಸ್‌ಪೋರ್ಟ್ ನೋಡಿದಳು, ಮುಖ ನೋಡಿದಳು, ಕನ್ನಡಕ್ಕೆ ತಿರುಗಿದಳು. ಎದೆಯ ಮೇಲಿನ ಹೆಸರು ಫಿಯೋನಾ.

"ಆಂಟಿ, ಇದರಲ್ಲಿ ಗನ್ ಉಂಟಲ್ಲ. ಮೊದಲೇ ಹೇಳ್ಬೇಕು ಮಾರಾಯ್ರೆ."

ಬಿಡಲು ಜೊತೆಗೆ ಬಂದಿದ್ದ ಯುಜಿನ್ ಬೆಪ್ಪಾದ. "ಗನ್ನಾ? ನಾನು ಹಾಕಿಲ್ಲ."

"ನಾನು ಹಾಕಿದ್ದು," ಎಂದಳು ಅಗಾತಾ. "ಕಳಿಸ್ಲಿಕ್ಕೆ ಆಗುವುದಿಲ್ಲ ಅಲ್ವಾ? ತೊಂದರೆ ಇಲ್ಲ. ಎಲ್ಲ ವಾಪಸು ಕೊಡಿ."

"ಯಾಕೆ ಆಗುವುದಿಲ್ಲ? ಈಟಿ ಬೇರೆ ಮಾಡಿದ್ರೆ ಹೋಗ್ತದೆ. ಗಾಳದ ಕೊಕ್ಕೆ, ಸೀಸದ ಗುಂಡು ಎಲ್ಲ ಹೋಗ್ತದೆ, ಕೈಚೀಲದಲ್ಲಿ ಮಾತ್ರ ಇರ್ಬಾರ್ದು. ಓನರ್ ಬಂದು ಇದು ತನ್ನದು ಅಂತ ಇವರ ಎದುರು ಹೇಳ್ಬೇಕು, ಅಷ್ಟೆ. ಯಾರದ್ದು ಇದು?"

"ನನ್ನ ಗಂಡನದ್ದು."

"ಅವರು ಎಲ್ಲಿ?"

ಅಷ್ಟರಲ್ಲಿ ಪೊಲೀಸ್ ಮುಚ್ಚಳ ತೆಗೆದು ಒಂದೊಂದನ್ನೇ ಹೊರಗಿಟ್ಟ. ಮೊದಲು ಗನ್ನು. ಆಮೇಲೆ ಡಿಕ್ಸನ್‌ನ ದೊಡ್ಡ ಕೋಲು, ರೀಲಿನ ಸಮೇತ. ಅಗಾತಾ ವರ್ಷದ ನಂತರ ಅದನ್ನು ನೋಡುತ್ತಿದ್ದಳು. ಧೂಳು ಹಿಡಿದಿರಬೇಕು, ತುಕ್ಕು ಹಿಡಿದಿರಬೇಕು ಎಂದುಕೊಂಡು ನೋಡಿದಳು. ರೀಲಿನ ಮೇಲೆ ಹೊಸ ದಾರ. ದಾರ ಒದ್ದೆ. ಹಿಡಿಯ ಬುಡದಲ್ಲಿ ಮೀನಿನ ಹುರುಪೆ ಅಂಟಿಕೊಂಡಿತ್ತು, ಇನ್ನೂ ಒಣಗಿರಲಿಲ್ಲ. ಕೌಂಟರಿನ ಮೇಲೆಲ್ಲ ಹಸಿ ಸಮುದ್ರದ ವಾಸನೆ ಬಂತು.

ಒಂದು ಕ್ಷಣ ಅವಳಿಗೆ ಸಂತೋಷವೇ ಆಯಿತು. ಸುಳ್ಳು ಹೇಳಬಾರದು, ಅಂಥ ಸಂತೋಷ ವರ್ಷದಿಂದ ಆಗಿರಲಿಲ್ಲ. ನಿನ್ನೆ ರಾತ್ರಿ ಡಿಕ್ಸನ್ ಇದನ್ನು ಹಿಡಿದಿದ್ದಾನೆ ಎಂದೇ ತಿಳಿದಳು. ಆಮೇಲೆ ತಲೆಯೆತ್ತಿ ಯುಜಿನ್‌ನ ಮುಖ ನೋಡಿದಳು. ಅವನು ಸಿಕ್ಕಿಬಿದ್ದವನ ಹಾಗೆ ನೆಲ ನೋಡುತ್ತಿದ್ದ.

"ತೊಳೀಲಿಕ್ಕೆ ಪುರುಸೊತ್ತಾಗ್ಲಿಲ್ಲ," ಎಂದ ಮೆಲ್ಲಗೆ. "ಕೊನೇ ಸಲ ಅಂತ ನಿನ್ನೆಯೂ ಅದರಲ್ಲೇ ಗಾಳ ಹಾಕಿದ್ದೆ. ಒಳ್ಳೇ ಕೋಲು, ಸುಮ್ಮನೆ ಮೂಲೆಯಲ್ಲಿ ಇಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಆ ಕೋಲಿಗೆ ಬಿದ್ದ ಮೀನಿನಲ್ಲಿ ಗಾಳದ ಪಾಲು ಬಿಡದೆ ನಿಮ್ಮ ಬಾಗಿಲಿಗೆ ತಲುಪಿಸಿದ್ದೇನೆ. ತಲುಪಿದೆ ಅಲ್ವಾ?"

ಗಾಳದ ಪಾಲು. ಆ ಪದ್ಧತಿ ಅಗಾತಾಳಿಗೆ ಗೊತ್ತಿಲ್ಲದ್ದೇ? ಅವಳ ತವರಿನಲ್ಲಿ ಹಂದಿ ಬೇಟೆಗೆ ಅಪ್ಪನ ಕೋವಿ ಒಯ್ದವರು ಕೋವಿಯ ಪಾಲೆಂದು ಒಂದು ತೊಡೆಯನ್ನು ಜಗಲಿಯಲ್ಲಿಟ್ಟು ಹೋಗುತ್ತಿದ್ದರು. ಬೇಟೆಗೆ ಅಪ್ಪ ಹೋಗಲಿ ಬಿಡಲಿ, ಸಾಧನ ಯಾರದೋ ಅವರ ಮನೆಗೆ ಪಾಲು. ಕೂಗಿ ಕರೆದು ಕೊಡುವ ಕ್ರಮವಿಲ್ಲ, ಕೊಟ್ಟೆನೆಂದು ಹೇಳಿಕೊಳ್ಳುವ ಕ್ರಮವಂತೂ ಇಲ್ಲವೇ ಇಲ್ಲ. ಎಲ್ಲ ಗೊತ್ತಿದ್ದೂ ಅವಳು ಒಂದು ದಿನವೂ ಅದನ್ನು ನೆನೆಸಿಕೊಂಡಿರಲಿಲ್ಲ.

"ಆ ದಾರ ಪೋಣಿಸಿದ್ದು?"

"ನಮ್ಮ ಊರಿನಲ್ಲಿ ಎಲ್ಲರೂ ಹಾಗೆಯೇ ಪೋಣಿಸುವುದು. ಡಿಕ್ಸನ್‌ಗೆ ಕಲಿಸಿದ್ದೇ ನನ್ನ ಅಪ್ಪ."

"ಒಂದು ಮಾತು ಹೇಳ್ಬಹುದಿತ್ತು ಯುಜಿನ್ ಬಾಬ್. ಒಂದೇ ಒಂದು ಮೆಸೇಜ್."

"ಪಾಲನ್ನು ಯಾರಾದ್ರೂ ಹೇಳಿ ಕೊಡ್ತಾರಾ? ನಿಮಗೆ ಗೊತ್ತಿರ್ತದೆ ಅಂತ ಇದ್ದೆ. ಮತ್ತೆ ಯಾರು ಅಂತ ತಿಳ್ಕೊಂಡ್ರಿ ನೀವು?"

ಕೇಳಿದ ಮೇಲೆ ಅವನಿಗೇ ಹೊಳೆಯಿತು. ಕೈಯೆತ್ತಿ ಬಾಯಿ ಮುಚ್ಚಿಕೊಂಡು, ಆಚೆ ತಿರುಗಿ ನಿಂತ.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮನೆ ಕಣ್ಣೆದುರು ಬಂತು. ಎರಡನೇ ತಟ್ಟೆ, ಎಳೆದಿಟ್ಟ ಕುರ್ಚಿ, ಯಾರೂ ಬಾರದ ಲಿಫ್ಟು. ಅಷ್ಟು ತಿಂಗಳು ಆ ಮನೆಯಲ್ಲಿದ್ದದ್ದು ತಾನೊಬ್ಬಳೇ ಎಂಬುದು ಅವಳಿಗೆ ಈಗ ಹೆದರಿಕೆ ಹುಟ್ಟಿಸಿತು. ದೆವ್ವ ಇದೆಯೆಂದು ತಿಳಿದಾಗಲೂ ಅವಳು ಹಾಗೆ ಹೆದರಿರಲಿಲ್ಲ.

ಪೊಲೀಸ್ ಹುಡುಗಿಗೆ ಏನೋ ಹೇಳಿದ. ಫಿಯೋನಾ ತುಸು ಮುಂದಕ್ಕೆ ಬಾಗಿದಳು.

"ಆಂಟಿ, ಹಿಂದೆ ಕ್ಯೂ ಉಂಟು. ಓನರ್ ಬರ್ತಾರಾದ್ರೆ ಕಾಯ್ತೇವೆ. ಬರುವುದಿಲ್ಲವಾದ್ರೆ ವಾಪಸು ತಗೊಂಡು ಹೋಗಿ. ಅಥವಾ..." ಎಂದು ತಡೆದಳು. "ಓನರ್ ಬದುಕಿ ಇಲ್ಲದಿದ್ರೆ ಹೆಂಡತಿ ಹೇಳಿದ್ರೂ ಸಾಕು. ಏನು ಮಾಡುವ?"

ವಾಪಸು ತಗೊಂಡು ಹೋಗ್ತೇನೆ ಎಂದರೆ ಮುಗಿಯಿತು. ಕೋಲು ಮನೆಗೆ ಹೋಗುತ್ತದೆ, ಊರಿನಲ್ಲಿ ಪೆಟ್ಟಿಗೆ ಖಾಲಿ ಉಳಿಯುತ್ತದೆ. ಅಗಾತಾ ಒದ್ದೆ ದಾರದ ಮೇಲೆ ಬೆರಳಿಟ್ಟಳು.

"ಹೆಂಡತಿ ನಾನೇ. ಅವರು ತೀರಿಹೋಗಿದ್ದಾರೆ. ಈ ಸಾಮಾನು ಅವರ ಅಮ್ಮನಿಗೆ."

ಹುಡುಗಿಯ ದನಿ ತಗ್ಗಿತು. "ಸಾರಿ ಆಂಟಿ. ಯಾವಾಗ ಆದದ್ದು?"

"ಈಗ," ಎಂದಳು ಅಗಾತಾ.

ಫಿಯೋನಾಳಿಗೆ ಅರ್ಥವಾಗಲಿಲ್ಲ. ಅವಳು ಯುಜಿನ್‌ನ ಕಡೆ ನೋಡಿದಳು. ಅವನು ಕಣ್ಣೊರೆಸಿಕೊಂಡು ಇತ್ತ ತಿರುಗಿ, ಕಳೆದ ನವೆಂಬರ್‌ನಲ್ಲಿ ಎಂದು ಹೇಳಿದ.