ಬಾಗಿಲ ಹತ್ತಿರ ನಿಂತವಳು

೧೯೫೭ರ ಮಾರ್ಚ್ ೧೨, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಚಿಕ್ಕಮ್ಮ ನಾಚಿಯಮ್ಮ ಸುಂದರಮ್ಮನ ರಟ್ಟೆ ಹಿಡಿದು ಹೆಣದ ತಲೆಯ ಕಡೆಗೆ ಎಳೆಯುತ್ತಿದ್ದಳು.

"ಕೂತ್ಕೋಡೀ. ಕೂಡ ಹುಟ್ಟಿದವಳು ದನಿ ಎತ್ತದೆ ನಾವು ಹೆಂಗೆ ಒಪ್ಪಾರಿ ಹಾಡೋದು?"

ತಮಿಳು ಸೀಮೆಯ ಉಡುಮಲೈಪೇಟೆ ಸುತ್ತಿನ ಅವರ ಕನ್ನಡದ ಜನದಲ್ಲಿ ಒಪ್ಪಾರಿಯ, ಅಂದರೆ ಸಾವಿನ ಹಾಡಿನ, ಮೊದಲ ಸಾಲನ್ನು ಸತ್ತವನ ಅಕ್ಕನೋ ತಂಗಿಯೋ ಎತ್ತಬೇಕು. ಉಳಿದ ಹೆಂಗಸರ ದನಿ ಆಮೇಲೆ. ಸುಂದರಮ್ಮನಷ್ಟು ದೊಡ್ಡ ಗಂಟಲು ಆ ಸೀಮೆಯಲ್ಲಿರಲಿಲ್ಲ. ಹೊಲದಾಚೆ ಬಾವಿಯ ನೀರೆತ್ತಲು ಕಪಿಲೆ ಹೊಡೆಯುವವರು ಎತ್ತು ನಿಲ್ಲಿಸಿ ಅವಳ ಒಪ್ಪಾರಿ ಕೇಳಿದ್ದುಂಟು.

ಅವಳು ಸತ್ತ ತಮ್ಮ ಪುರಂದರನ ಮುಖ ನೋಡುತ್ತ ಕೂತಳು. ಕಾಮಾಲೆಯ ಹಳದಿ ಇನ್ನೂ ಹೋಗಿರಲಿಲ್ಲ. ನಾಲ್ಕು ವರ್ಷ ಅವನೊಡನೆ ಮಾತು ಬಿಟ್ಟವಳಿಗೆ ಮೊದಲ ಮಾತು ಯಾವುದೆಂದು ಹೊಳೆಯಲಿಲ್ಲ. ಹೆಣ ಎತ್ತುವ ಮೊದಲು ಅದು ಬರಬೇಕಿತ್ತು.

*

ಕೊಯಮತ್ತೂರಿನ ಒಂದು ಗ್ರಾಮಫೋನ್ ತಟ್ಟೆ ಕಂಪನಿಗೆ ವೈರು ಜೋಡಿಸಲು ಹೋದ ಪುರಂದರ ಅಲ್ಲೇ ಹಾಡು ತಯಾರಿಸುವ ಕೆಲಸ ಕಲಿತ. ಇದ್ದದ್ದು ಒಂದೇ ಮೈಕು. ಯಾರು ಎಷ್ಟು ದೂರ ನಿಲ್ಲಬೇಕು ಎಂಬುದರಲ್ಲೇ ಹಾಡಿನ ಹದ. ಅದು ಅವನ ಕಿವಿಗೆ ಗೊತ್ತಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ದೊಡ್ಡವರಿಗೆ ಸರಿದು ನಿಲ್ಲಿ ಎನ್ನಲು ಹೆದರಿಕೆ. ಮೊದಲ ತಟ್ಟೆಗೆ ಅಕ್ಕನನ್ನೇ ಕರೆಸಿ, ಮರ್ಯಾದೆಯೆಂದು ಮೈಕಿನ ಎದುರಿಗೇ ನಿಲ್ಲಿಸಿದ. ಅವಳ ದನಿ ಒಡೆದು ಗರಗರ ಎಂದಿತು. ಪಿಟೀಲು ಇತ್ತೋ ಇಲ್ಲವೋ ತಿಳಿಯಲಿಲ್ಲ. ತಟ್ಟೆಯನ್ನು ಯಾರೂ ಕೊಳ್ಳಲಿಲ್ಲ.

ಎರಡನೆಯ ಸಲ, ೧೯೫೩ರಲ್ಲಿ, ಎಲ್ಲರೂ ಸಜ್ಜಾಗಿ ನಿಂತಿದ್ದಾಗ ಅವನು ಗಾಜಿನ ಕೋಣೆಯಿಂದ ಹೊರಬಂದ. ಕಣ್ಣು ನೆಲದ ಮೇಲಿತ್ತು.

"ಅಕ್ಕಾ, ಹಿಂದೆ ಹೋಗು."

ಹೋದಳು.

"ಇನ್ನೂ ಹಿಂದೆ. ಕೋರಸ್ ಹುಡುಗೀರ ಆಚೆ, ಬಾಗಿಲ ಹತ್ರ."

"ಚಪ್ಪಲಿ ಬಿಡೋ ಜಾಗದಲ್ಲಾ?"

ಹೌದು ಎಂದ. ಯಾರೋ ನಕ್ಕರು. ಅವಳು ಅಲ್ಲೇ ನಿಂತು ಹಾಡಿ, ಹೇಳದೆ ಕೇಳದೆ ಪೊಳ್ಳಾಚಿ ಬಸ್ಸು ಹತ್ತಿದಳು.

ಆ ತಟ್ಟೆಯನ್ನು ಮುಂದೆ ಒಂದು ಮದುವೆಯಲ್ಲಿ ಹಾಕಿದರು. ಪಿಟೀಲು, ಕೋರಸ್ಸು ಎಲ್ಲ ತಂತಮ್ಮ ಜಾಗದಲ್ಲಿದ್ದವು. ಎಲ್ಲದರ ಮೇಲೆ ಅವಳ ದನಿ ಒಡೆಯದೆ, ತುಂಬಿಕೊಂಡು ಬಂತು. ಊಟದ ಎಲೆಯ ಮುಂದೆ ಕೂತಿದ್ದವಳು ಅರ್ಧಕ್ಕೇ ಎದ್ದು ಕೈ ತೊಳೆದಳು. ಅವನೇ ಸರಿ ಎಂದು ತಿಳಿದ ಮೇಲೆ ಮಾತಾಡುವುದು ಇನ್ನೂ ಕಷ್ಟವಾಯಿತು.

*

ಕಂಪನಿಯ ಪಿಟೀಲುಗಾರ ನಟರಾಜನ್ ಮೊದಲ ಬಸ್ಸಿಗೆ ಬಂದಿದ್ದ. ಹೆಣದ ಮೇಲೆ ಹಾರ ಇಟ್ಟು ಅವಳ ಹತ್ತಿರ ಕುಕ್ಕರಗಾಲಲ್ಲಿ ಕೂತು ತಮಿಳಿನಲ್ಲಿ ತಗ್ಗಿಸಿ ಮಾತಾಡಿದ. ಅಕ್ಕನನ್ನು ಬಾಗಿಲ ಹತ್ತಿರ ನಿಲ್ಲಿಸಿದ ಆ ದಿನದ ಮೇಲೆ ಪುರಂದರ ಯಾರ ಮುಂದೆಯೂ ಕಣ್ಣು ತಗ್ಗಿಸಲಿಲ್ಲವಂತೆ. ಎಂಥ ವಿದ್ವಾಂಸರಿಗೂ ಬೆರಳು ತೋರಿಸಿ ಜಾಗ ಹೇಳುತ್ತಿದ್ದನಂತೆ, ಅವರೂ ನಿಲ್ಲುತ್ತಿದ್ದರಂತೆ.

"ಆ ಬಾಗಿಲ ಹತ್ತಿರ ಬೇರೆಯವರನ್ನೂ ನಿಲ್ಲಿಸಿ ನೋಡಿದ ಅಮ್ಮಾ. ಯಾರ ದನಿಯೂ ಮೈಕಿಗೆ ಮುಟ್ಟಲಿಲ್ಲ."

"ಗೊತ್ತು."

"ಗೊತ್ತಿದ್ದೂ ಒಂದು ಸಲ ಬರಬಾರದಿತ್ತೇ?"

ಅವಳು ಹೆಣದ ಕಡೆ ತಿರುಗಿ ಹಾಡೆತ್ತಲು ಬಾಯಿ ತೆರೆದಳು. ಉಸಿರು ಮಾತ್ರ ಬಂತು. ಕಾದು ಕಾದು ಕೊನೆಗೆ ನಾಚಿಯಮ್ಮನೇ ತನ್ನ ಹಲ್ಲಿಲ್ಲದ ಬಾಯಲ್ಲಿ ಮೊದಲ ಸಾಲು ಎತ್ತಿದಳು. "ಅಕ್ಕ ಇದ್ದೂ ಇಲ್ಲದಂಗಾಯ್ತಲ್ಲ" ಎಂದು ಹಿಂದೆ ಒಬ್ಬಳು ಗೊಣಗಿದಳು. ತಮಟೆ ಶುರುವಾಯಿತು. ಹೆಣ ಎತ್ತಿದರು.

ಹೆಂಗಸರು ಊರ ಮೂಲೆಯ ಕಲ್ಲಿನಿಂದಾಚೆ ಹೋಗುವಂತಿಲ್ಲ. ಅಲ್ಲಿಗೆ ಬಂದು ಮೂಗೊರೆಸಿಕೊಂಡು, ಮೀಯಲು ತಿರುಗಿದರು. ಸುಂದರಮ್ಮ ತಿರುಗಲಿಲ್ಲ. ಚಟ್ಟವು ಹತ್ತಿಯ ಹೊಲದ ನಡುವಿನ ದಾರಿಯಲ್ಲಿ ಸಣ್ಣದಾಗುತ್ತ ಹೋಯಿತು. ಹಾರದ ಬಣ್ಣವೂ ಕಾಣದಾಯಿತು. ಆಗ ಬಂತು.

"ನನ್ನ ಕೂಡ ಹುಟ್ಟಿದವನೇ..."

ದೂರದಲ್ಲಿ ತಮಟೆ ನಿಂತಿತು. ಹೆಗಲು ಕೊಟ್ಟವರು ಹಿಂತಿರುಗಿ ನೋಡಬಾರದು, ಯಾರೂ ನೋಡಲಿಲ್ಲ. ಅವಳು ಎರಡನೆಯ ಸಾಲು ಎತ್ತಿದಳು. ಆ ಕಲ್ಲಿನಿಂದ ಮಸಣಕ್ಕೆ ಆರು ಫರ್ಲಾಂಗು; ದನಿ ಅಷ್ಟು ದೂರವೂ ಒಡೆಯದೆ ಮುಟ್ಟಿತು.