ಎರಡು ಡಜನ್ ಏಳು

ಮ್ಯೂಟ್ ಎಂಬ ಗುಂಡಿಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ, ಪೂನಮ್ ಮಾತ್ರ ದಿನಾ ಸಂಜೆ ಆರು ಗಂಟೆಗೆ ಅವನಿಗೆ ತಪ್ಪದೆ ಶಾಪ ಹಾಕುತ್ತಿದ್ದಳು. ಹುಬ್ಬಳ್ಳಿಯ ಒಂದು ಖಾಸಗಿ ಶಾಲೆ ಒಂಬತ್ತನೇ ತರಗತಿಯ ಹನ್ನೆರಡು ದಡ್ಡ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡಲು ಅವಳನ್ನು ನೇಮಿಸಿಕೊಂಡಿತ್ತು. ದಡ್ಡ ಎಂಬ ಮಾತು ಅವಳದಲ್ಲ, ಮುಖ್ಯೋಪಾಧ್ಯಾಯಿನಿ ರಾಜೇಶ್ವರಿ ಮೇಡಮ್ ಅವರದು. ಮಕ್ಕಳ ಮೈಕು ಬಂದ್ ಇರಬೇಕು, ಇಲ್ಲದಿದ್ದರೆ ಸಂತೆಯಾಗುತ್ತದೆ ಎಂದು ಮೊದಲ ದಿನವೇ ಅವರು ತಾಕೀತು ಮಾಡಿದ್ದರು. ಸರಿ, ಬಂದಾಯಿತು. ನಾಲ್ಕು ತಿಂಗಳು ಪೂನಮ್ ಹನ್ನೆರಡು ಹೆಸರುಗಳಿಗೆ ಪಾಠ ಹೇಳಿದಳು. ತಿಳಿಯಿತೇ ಎಂದು ಕೇಳಿದರೆ ಪರದೆಯ ಮೇಲೆ ಹನ್ನೆರಡು ಹೆಬ್ಬೆರಳು ಏಳುತ್ತಿದ್ದವು. ಪರೀಕ್ಷೆ ಕೊಟ್ಟರೆ ಒಬ್ಬರಿಗೂ ಏನೂ ತಿಳಿದಿರುತ್ತಿರಲಿಲ್ಲ.

ಫೆಬ್ರವರಿಯ ಒಂದು ಸೋಮವಾರ ಮೇಡಮ್ ಫೋನ್ ಮಾಡಿದರು. ದುರ್ಗದಬೈಲಿನಲ್ಲಿ ಬಳೆ ಅಂಗಡಿ ಇಟ್ಟಿರುವ ಮಕಬೂಲಸಾಬನ ಮಗಳು ಅಲ್ಫಿಯಾ ಇದ್ದಾಳಲ್ಲ, ಅವಳ ವರದಿಯಲ್ಲಿ ‘ಸುಧಾರಣೆ ಇಲ್ಲ’ ಎಂದು ಬರೆದು ಕಳಿಸಬೇಕಂತೆ. ಶನಿವಾರ ಅಪ್ಪನನ್ನು ಕರೆಸಿ ಶಾಲೆ ಬಿಡಿಸುವ ಅರ್ಜಿಗೆ ಸಹಿ ಮಾಡಿಸಿಕೊಂಡು ಟಿಸಿ ಕೊಟ್ಟುಬಿಟ್ಟರೆ, ಹತ್ತನೇ ತರಗತಿಯನ್ನು ಹುಡುಗಿ ಬೇರೆಲ್ಲಾದರೂ ಓದಿಕೊಳ್ಳಲಿ ಅಂತೆ.

“ನೋಡ್ರಿ ಪೂನಮ್, ಆರು ವರ್ಷದಿಂದ ನಮ್ಮ ಸಾಲಿ ರಿಸಲ್ಟ್ ನೂರಕ್ಕ ನೂರು ಅದ. ಒಂದು ಹುಡುಗಿ ಸಲುವಾಗಿ ಅದನ್ನ ಕಳಕೊಳ್ಳಲಿಕ್ಕೆ ಆಗೂದಿಲ್ಲ.”

ಫೋನ್ ಇಟ್ಟ ಮೇಲೆ ಪೂನಮ್‌ಳ ಮೈಯೆಲ್ಲ ಉರಿದುಹೋಯಿತು. ಕಲಿಯಿರಿ ಎಂದು ಕೂಡಿಸುವವರೂ ಇವರೇ, ಬಾಯಿ ಮುಚ್ಚಿಸುವವರೂ ಇವರೇ, ಕಲಿಯಲಿಲ್ಲ ಎಂದು ಹೊರಗೆ ಹಾಕುವವರೂ ಇವರೇ! ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿಯುತ್ತಿದ್ದ ಅವಳ ಅಪ್ಪ ಗೋವಿಂದಪ್ಪನನ್ನೂ ಒಮ್ಮೆ ಹೀಗೆಯೇ ಶಾಲೆಗೆ ಕರೆಸಿದ್ದರು, ನಿನ್ನ ಮಗಳ ತಲೆಗೆ ಇಂಗ್ಲಿಷ್ ಹತ್ತುವುದಿಲ್ಲ ಎಂದು ಹೇಳಲು. ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಕೈಕಟ್ಟಿ ನಿಂತದ್ದನ್ನು ಅವಳು ಇನ್ನೂ ಮರೆತಿರಲಿಲ್ಲ.

ಅಂದು ಸಂಜೆ ಎಲ್ಲರೂ ಮೈಕು, ಕ್ಯಾಮೆರಾ ಎರಡೂ ತೆರೆಯಿರಿ ಎಂದಳು. ಒಬ್ಬರೂ ತೆರೆಯಲಿಲ್ಲ. ಮನೆಯಲ್ಲಿ ಗದ್ದಲ ಇದೆ ಮಿಸ್ ಎಂದು ಒಬ್ಬ ಬರೆದ, ಉಳಿದವರೂ ಅದನ್ನೇ ಬರೆದರು. ಗದ್ದಲ ಇದ್ದರೆ ಇರಲಿ, ನಾನೇನು ಸಂಗೀತ ಕೇಳಲು ಕೂತಿಲ್ಲ ಎಂದು ಗದರಿದ ಮೇಲೆ ಒಂದೊಂದಾಗಿ ತೆರೆದುಕೊಂಡವು. ಅಬ್ಬಬ್ಬಾ! ಒಂದು ಮನೆಯಲ್ಲಿ ಕುಕ್ಕರಿನ ಸೀಟಿ, ಇನ್ನೊಂದರ ಪಕ್ಕದಲ್ಲಿ ವೆಲ್ಡಿಂಗ್, ಶಿರಗುಪ್ಪಿಯ ದತ್ತುವಿನ ಬೆನ್ನ ಹಿಂದೆ ಒಂದು ಎಮ್ಮೆ. ಅಲ್ಫಿಯಾಳ ಕಡೆಯಿಂದಂತೂ ಇಡೀ ದುರ್ಗದಬೈಲೇ ಒಳಗೆ ನುಗ್ಗಿತು. ಹುಡುಗಿ ಅಂಗಡಿಯ ಮೂಲೆಯಲ್ಲಿ ಬಳೆ ಡಬ್ಬಿಗಳ ನಡುವೆ ಕೂತಿದ್ದಳು.

2.7ಕ್ಕೆ 1.8 ಕೂಡಿಸಿರಿ ಎಂದು ಪೂನಮ್ ಲೆಕ್ಕ ಕೊಟ್ಟಳು. ಅಲ್ಫಿಯಾ 4.3 ಎಂದು ಬರೆದಳು. ಎಂದಿನಂತೆ ತಪ್ಪು. ಅಷ್ಟರಲ್ಲಿ ಮಕಬೂಲಸಾಬ ಗಲ್ಲಾಪೆಟ್ಟಿಗೆಯ ಕಡೆಯಿಂದ ಕೂಗಿ ಕೇಳಿದ, ಹಸಿರು ಬಳೆ ಮೂರು ಡಜನ್ ಒಂಬತ್ತು, ಕೆಂಪು ಒಂದು ಡಜನ್ ಐದು, ಕೂಡಿ ಎಷ್ಟಾಯಿತು ಎಂದು. ಹುಡುಗಿ ರೆಪ್ಪೆ ಬಡಿಯುವುದರೊಳಗೆ ಐದು ಡಜನ್ ಎರಡು ಎಂದಳು. ಆಮೇಲೆ ಒಂದು ಚೀಟಿಯ ಮೇಲೆ 5.2 ಎಂದು ಬರೆದು ಡಬ್ಬಿಗೆ ಅಂಟಿಸಿದಳು.

ಪೂನಮ್ ಕುಡಿಯುತ್ತಿದ್ದ ಚಹಾ ಕೈಯಲ್ಲೇ ಉಳಿಯಿತು. ಚುಕ್ಕಿಯ ಈಚೆ ಡಜನ್, ಚುಕ್ಕಿಯ ಆಚೆ ಬಿಡಿ ಬಳೆ. ಆ ಅಂಗಡಿಯಲ್ಲಿ ಅಜ್ಜನ ಕಾಲದಿಂದ ಹಾಗೆಯೇ ಬರೆಯುತ್ತಿದ್ದರು. ಹತ್ತಾದಾಗ ನಾವೆಲ್ಲ ಕೈಯಲ್ಲಿ ಒಂದು ಹಿಡಿಯುತ್ತೇವೆ, ಈ ಹುಡುಗಿ ಹನ್ನೆರಡಾದಾಗ ಹಿಡಿಯುತ್ತಿದ್ದಳು. ಪೂನಮ್ ನಾಲ್ಕು ತಿಂಗಳ ಉತ್ತರಗಳನ್ನೆಲ್ಲ ತೆಗೆದು ನೋಡಿದಳು. ದಶಾಂಶ ಎಲ್ಲೆಲ್ಲಿ ಬಂದಿತ್ತೋ ಅಲ್ಲೆಲ್ಲ ಮುಗ್ಗರಿಸಿದ್ದಳು. ಅಳತೆಯಲ್ಲೂ ಅದೇ, ಸರಾಸರಿಯಲ್ಲೂ ಅದೇ. ಆದರೆ ಡಜನ್ ಲೆಕ್ಕದಲ್ಲಿ ಅವುಗಳಲ್ಲಿ ಒಂದೂ ತಪ್ಪಿರಲಿಲ್ಲ. ಅವಕ್ಕೆಲ್ಲ ಕೆಂಪು ಗೆರೆ ಎಳೆದವಳು ತಾನೇ ಎಂದು ಪೂನಮ್‌ಗೆ ಬಹಳ ನಾಚಿಕೆಯಾಯಿತು.

ಮರುದಿನ ಅವಳು ಅಲ್ಫಿಯಾಳಿಗೆ ಹೇಳಿದಳು, “ಸಾಲ್ಯಾಗ ಹತ್ತು ಬಳಿಗೇ ಒಂದು ಡಜನ್ ಅಂತ ತಿಳಕೋ.”

“ಹತ್ತು ಬಳಿ ಕೊಟ್ಟು ಡಜನ್ ಅಂದ್ರ ಗಿರಾಕಿ ಬಡೀತಾರ್ರಿ ಮಿಸ್,” ಎಂದಳು ಅಲ್ಫಿಯಾ.

ನಾಲ್ಕು ತಿಂಗಳಲ್ಲಿ ಅವಳು ಪಾಠದಲ್ಲಿ ಬಾಯಿಬಿಟ್ಟು ಆಡಿದ ಮೊದಲ ಮಾತು ಅದು. ದತ್ತು ನಕ್ಕ, ಎಲ್ಲರೂ ನಕ್ಕರು. ಶುಕ್ರವಾರದ ಹೊತ್ತಿಗೆ ಹುಡುಗಿ ಹತ್ತಾದಾಗ ಕೈಯಲ್ಲಿ ಒಂದು ಹಿಡಿಯುವುದನ್ನು ಕಲಿತಿದ್ದಳು. ಪೂನಮ್ ವರದಿಯಲ್ಲಿ ‘ಸುಧಾರಣೆ ಇದೆ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದಳು.

ಮೇಡಮ್ ಅದಕ್ಕೆ ಕವಡೆ ಕಿಮ್ಮತ್ತೂ ಕೊಡಲಿಲ್ಲ. ಶನಿವಾರ ಬೆಳಿಗ್ಗೆ ಮಕಬೂಲಸಾಬನನ್ನೂ ಅಲ್ಫಿಯಾಳನ್ನೂ ಕಚೇರಿಯಲ್ಲಿ ಎದುರಿಗೆ ಕೂಡಿಸಿಕೊಂಡು, ಪೂನಮ್‌ಳನ್ನು ಶಾಸ್ತ್ರಕ್ಕೆಂದು ಕಂಪ್ಯೂಟರಿನಲ್ಲಿ ಕರೆಸಿಕೊಂಡರು. ಮಗಳಿಗೆ ಇಲ್ಲಿಯ ಓದು ಭಾರವಾಗುತ್ತದೆ, ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ಬೆಣ್ಣೆಯಂಥ ಮಾತಾಡಿ ಅರ್ಜಿಯನ್ನು ಮುಂದಕ್ಕೆ ತಳ್ಳಿದರು. ಮಕಬೂಲಸಾಬನಿಗೆ ಅಂಕಿ ಬಿಟ್ಟರೆ ಓದು ಬಾರದು, ಸಹಿಯೊಂದು ಬರುತ್ತಿತ್ತು. ಕಲಿತವರು ಹೇಳಿದ ಮೇಲೆ ಸರಿಯೇ ಇರಬೇಕೆಂದು ಪೆನ್ನು ತೆಗೆದುಕೊಂಡ. ಅಲ್ಫಿಯಾ ನೆಲ ನೋಡುತ್ತಿದ್ದಳು.

“ಸಹಿ ಮಾಡಬ್ಯಾಡ್ರಿ ಮಕಬೂಲಸಾಬ್ರ,” ಎಂದಳು ಪೂನಮ್. “ನೀವು ಅರ್ಜಿ ಕೊಡಲಿಲ್ಲಂದ್ರ ಟಿಸಿ ಕೊಡಾಕ ಬರೂದಿಲ್ಲ. ನಿಮ್ಮ ಮಗಳು ದಡ್ಡಿ ಅಲ್ರಿ. ತಪ್ಪು ಮಾಡಿದವರು ನಾವು...”

ಅವಳ ದನಿ ಅಲ್ಲಿಗೇ ಕತ್ತರಿಸಿಹೋಯಿತು. ಮೇಡಮ್ ಅವಳ ಮೈಕು ಬಂದ್ ಮಾಡಿದ್ದರು. ನೆಟ್‌ವರ್ಕ್ ಸರಿಯಿಲ್ಲ ಎಂದು ಅವರು ಮಕಬೂಲಸಾಬನಿಗೆ ನಗುತ್ತ ಹೇಳಿದ್ದು ಪೂನಮ್‌ಗೆ ಚೆನ್ನಾಗಿ ಕೇಳಿಸಿತು. ಅವಳು ಗುಂಡಿಯನ್ನು ಒತ್ತಿದಳು, ಒತ್ತಿಯೇ ಒತ್ತಿದಳು. ತೆರೆಯಲಿಲ್ಲ. ನಾಲ್ಕು ತಿಂಗಳು ಆ ಮಕ್ಕಳು ಹೀಗೆಯೇ ಕೂತಿದ್ದರಲ್ಲ ಎನಿಸಿ ಸಿಟ್ಟು ನೆತ್ತಿಗೇರಿತು. ಬಾಯಿ ಮುಚ್ಚಿಸಿದರೆ ಏನಾಯಿತು, ಕೈ ಇರಲಿಲ್ಲವೇ? ಪಾಠಕ್ಕೆ ಇಟ್ಟುಕೊಂಡಿದ್ದ ಪಾಟಿಯನ್ನು ಎಳೆದುಕೊಂಡು ಬಳಪದಿಂದ 2.7 + 1.8 ಎಂದು ಬರೆದು ಕ್ಯಾಮೆರಾದ ಮುಂದೆ ಹಿಡಿದಳು.

ಅಲ್ಫಿಯಾ ತಲೆ ಎತ್ತಿದಳು.

“ಅಂಗಡ್ಯಾಗ ನಾಕು ಡಜನ್ ಮೂರು,” ಎಂದಳು. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದಳು, “ಸಾಲ್ಯಾಗ ನಾಕು ಪಾಯಿಂಟ್ ಐದು.”

ಮಕಬೂಲಸಾಬ ಬೆರಳ ಗೆಣ್ಣುಗಳ ಮೇಲೆ ಎಣಿಸಿ ನೋಡಿದ. ಅಂಗಡಿಯ ಲೆಕ್ಕ ಸರಿಯಿತ್ತು. ಸಾಲಿಯ ಲೆಕ್ಕವೂ ಸರಿ ಐತೇನ್ರಿ ಎಂದು ಮೇಡಮ್‌ರನ್ನು ಕೇಳಿದ. ಅವರು ಹೌದು ಎನ್ನಲೇಬೇಕಾಯಿತು.

“ಹಂಗಾದ್ರ ನನ್ನ ಮಗಳಿಗೆ ಎರಡು ಲೆಕ್ಕ ಬರತಾವ್ರಿ ಅಕ್ಕೋರ,” ಎಂದು ಅವನು ಪೆನ್ನು ಕೆಳಗಿಟ್ಟ. “ಸಹಿ ಮಾಡೂದಿಲ್ರಿ. ಹತ್ತನೇತ್ತ ಇಲ್ಲೇ ಕಲೀತಾಳ.”

ಮೇಡಮ್ ಮುಖ ಕೆಂಪಾಯಿತು. ಪರದೆಯ ಕಡೆ ತಿರುಗಿ, ಸೋಮವಾರದಿಂದ ನಿಮ್ಮ ಕ್ಲಾಸು ಬೇಡ ಎಂದು ಪೂನಮ್‌ಗೆ ಹೇಳಿ, ಅರ್ಜಿಯನ್ನು ಎತ್ತಿಡಲು ಕಪಾಟಿನತ್ತ ಎದ್ದರು. ಅಷ್ಟರಲ್ಲಿ ಹುಡುಗಿ ಮೇಜಿನ ಮೇಲೆ ಬಾಗಿ ಮೌಸ್ ಹಿಡಿದಳು. ಪೂನಮ್‌ಳ ಪರದೆಯ ಮೇಲೆ ಮೈಕಿನ ಗುರುತು ತೆರೆದುಕೊಂಡಿತು.

“ಈಗ ಮಾತಾಡ್ರಿ ಮಿಸ್,” ಎಂದಳು ಅಲ್ಫಿಯಾ.

ಬೈಗುಳವೆಲ್ಲ ಪೂನಮ್‌ಳ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನೆಲ್ಲ ನುಂಗಿಕೊಂಡಳು.

“ಸೋಮವಾರ ಸಂಜೀ ಆರಕ್ಕ ಕ್ಲಾಸ್ ಐತಿ. ಲಿಂಕ್ ನನ್ನ ಫೋನಿಂದ ಬರತೈತಿ,” ಎಂದಳು. “ಹನ್ನೆರಡೂ ಮಂದಿಗೆ ಹೇಳು, ಮೈಕ್ ತಗದ ಕುಂದರ್ರಿ ಅಂತ.”